ಕಂಡಕ್ಟರಕ್ಕನ ಬೂಸ್ಟರ್

ನಮ್ಮ ಕಂಡಕ್ಟರಕ್ಕನ ಮುಖವನ್ನು ನಾನು ಎದುರಿಗೆ ನೋಡಿದ್ದಕ್ಕಿಂತ ಕನ್ನಡಿಯಲ್ಲಿ ನೋಡಿದ್ದೇ ಹೆಚ್ಚು. ನಾನು ಡ್ರೈವರ್. ನನ್ನ ತಲೆಯ ಮೇಲಿರುವ ಉದ್ದ ಕನ್ನಡಿಯಲ್ಲಿ ಬಸ್ಸಿನ ಹೊಟ್ಟೆಯೆಲ್ಲ ಕಾಣುತ್ತದೆ. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮೆಷಿನ್, ಬಾಯಲ್ಲಿ ಸೀಟಿ ಇಟ್ಟುಕೊಂಡು ಈ ಹೆಂಗಸು ಎಳ್ಳು ಹಾಕಲೂ ಜಾಗವಿಲ್ಲದ ಜನರ ನಡುವೆ ಸಲೀಸಾಗಿ ನುಸುಳಿಕೊಂಡು ಬರುತ್ತಾಳೆ. ಹೊಸತರಲ್ಲಿ ನಾನು ‘ನೀವು, ತಾವು’ ಎಂದೇ ಮಾತಾಡಿಸುತ್ತಿದ್ದೆ. ಒಂದು ದಿನ ಬ್ರೇಕು ಸ್ವಲ್ಪ ಜೋರಾಗಿ ಒತ್ತಿದೆ. ಹಿಂದಿನಿಂದ ಕೂಗು ಬಂತು: “ಏ ಸಾರಥಿ, ಒಳಗಿರೋದು ಜನ ಕಣೋ, ಆಲೂಗಡ್ಡೆ ಮೂಟೆ ಅಲ್ಲ!” ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮೈ ಉರಿದುಹೋಯಿತು. ಆದರೂ ಅಂದಿನಿಂದ ಅವಳು ಅಕ್ಕ, ನಾನು ಸಾರಥಿ.

ಅವಳಿಗೆ ಟಿಕೆಟ್ ಎಂದರೆ ಟಿಕೆಟ್. ಸ್ವಂತ ಅಣ್ಣ ಒಮ್ಮೆ “ಒಂದೇ ಸ್ಟಾಪು ತಾನೇ” ಎಂದು ಹಲ್ಲು ಕಿರಿದಾಗ, ಆ ಒಂದು ಸ್ಟಾಪನ್ನು ನಡೆಸಿಯೇ ಕಳಿಸಿದ ಮಹಾತಾಯಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿತ್ತು: “ಬಂದೋರಿಗೆಲ್ಲ ಸರಿಯಾಗಿ ಚಿಲ್ಲರೆ ಕೊಡಿ ಅಂದೆ, ಒಬ್ರ ಹತ್ರಾನೂ ಇರ್ಲಿಲ್ಲ.” ಕುಡಿದು ಬಂದು ಹೆಣ್ಣುಮಕ್ಕಳ ಮೈಮೇಲೆ ವಾಲಿದ ಗಂಡಸರನ್ನು ಕಾಲರು ಹಿಡಿದು ಇಳಿಸಿದ್ದನ್ನು ನಾನೇ ಕನ್ನಡಿಯಲ್ಲಿ ನೋಡಿದ್ದೇನೆ.

ಅವಳದೊಂದು ಪದ್ಧತಿಯಿತ್ತು. ಸ್ಟಾಪು ಬಂದಾಗ ಮೊದಲು ಇಳಿಯುವವಳು ಅವಳು, ಕೊನೆಗೆ ಹತ್ತುವವಳೂ ಅವಳೇ. ಮುದುಕರ ಕೈಹಿಡಿದು, ಬುಟ್ಟಿಗಳನ್ನು ಒಳಗೆ ತಳ್ಳಿ, ಕಡೆಯ ಕಾಲು ಮೆಟ್ಟಿಲ ಮೇಲೆ ಬಿತ್ತೆಂದು ಕಂಡ ಮೇಲೆ ಬಸ್ಸಿನ ಪಕ್ಕೆಗೆ ಎರಡೇಟು ಬಡಿದು “ರೈಟ್, ರೈಟ್!” ಎನ್ನುತ್ತ ಒಂದೇ ನೆಗೆತಕ್ಕೆ ಮೇಲೆ. ಆ ಎರಡೇಟು ಕಿವಿಗೆ ಬೀಳದೆ ನನ್ನ ಕಾಲು ಕ್ಲಚ್ಚು ಬಿಟ್ಟದ್ದಿಲ್ಲ.

ಇಂಥವಳಿಗೆ ಸೂಜಿ ಕಂಡರೆ ಪ್ರಾಣಸಂಕಟ. ಹಿಂದೊಮ್ಮೆ ಫುಟ್‌ಬೋರ್ಡಿನ ತುಕ್ಕು ಹಿಡಿದ ತಗಡು ಕಾಲಿಗೆ ಗೀರಿ ರಕ್ತ ಬಂದಾಗ, ಧನುರ್ವಾಯು ಆದೀತು ಎಂದು ನಾನೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ನಾನು ಮುಂಬಾಗಿಲಲ್ಲಿ ಕಾಯುತ್ತ ಕೂತೆ, ಅವಳು ಹಿಂಬಾಗಿಲಿಂದ ಹೊರಬಿದ್ದು ಡಿಪೋ ಸೇರಿದ್ದಳು. ಏನೂ ಆಗಲಿಲ್ಲ, ಅದು ಅವಳ ಅದೃಷ್ಟ. ಅದನ್ನು ತನ್ನ ಜಾಣತನ ಎಂದುಕೊಂಡಿದ್ದಳು.

ಅವಳ ಜೀವವೆಲ್ಲ ಅಣ್ಣನ ಮಗಳು, ಗುಬ್ಬಿ. ಅತ್ತಿಗೆಗೆ ನೂಲಿನ ಗಿರಣಿಯಲ್ಲಿ ಪಾಳಿ ಕೆಲಸ. ಹಾಗಾಗಿ ಒಂದೇ ಮನೆಯಲ್ಲಿದ್ದ ಈ ಅತ್ತೆಯೇ ಗುಬ್ಬಿಯನ್ನು ಸಾಕಿದಳು. ಆ ಹುಡುಗಿ ನನ್ನ ಸೀಟಿನ ಹಿಂದೆ ಕೂತು ಮಗ್ಗಿ ಬಾಯಿಪಾಠ ಮಾಡಿದ್ದು, ತಪ್ಪಿದಲ್ಲಿ ಪ್ರಯಾಣಿಕರೆಲ್ಲ ಸೇರಿ ತಿದ್ದಿದ್ದು ನನಗಿನ್ನೂ ನೆನಪಿದೆ. ಈಗ ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಮದುವೆಯೂ ಆಗಿದೆ. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮನೆ. ಆ ಮನೆಯ ಕಿಟಕಿಯ ಕೆಳಗೇ ನಮ್ಮ ಸ್ಟಾಪು.

ಬಸುರಿಯಾದ ಗುಬ್ಬಿ ಒಂದು ಸಂಜೆ ಬಸ್ಸು ಹತ್ತಿದವಳೇ ಅತ್ತೆಯ ಕೈಯಿಂದ ಟಿಕೆಟ್ ತಗೊಂಡು, ಹಣ ಕೊಟ್ಟು, ಬಾಂಬು ಹಾಕಿದಳು.

“ಅತ್ತೆ, ನಾನು ಇವತ್ತು ಬೂಸ್ಟರ್ ಹಾಕಿಸ್ಕೊಂಡೆ. ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಮೂರಕ್ಕೂ ಒಂದೇ ಸೂಜಿ. ಮಗು ಹುಟ್ಟಿದ್ಮೇಲೆ ಎತ್ಕೋಬೇಕು ಅನ್ನೋರೆಲ್ಲ ಹಾಕಿಸ್ಕೋಬೇಕು. ಎರಡು ವಾರ ಮೊದಲೇ.”

“ನಮಗೆಲ್ಲ ಚಿಕ್ಕೋರಿದ್ದಾಗಲೇ ಹಾಕಿದಾರೆ ಕಣೇ.”

“ಅದರ ಶಕ್ತಿ ಇಳಿದುಹೋಗಿರುತ್ತಂತೆ. ದೊಡ್ಡೋರಿಗೆ ಬರೀ ಕೆಮ್ಮು ಅನ್ನಿಸುತ್ತೆ, ಅದೇ ಹಸುಗೂಸಿಗೆ ಹತ್ತಿದ್ರೆ ಉಸಿರೇ ಕಟ್ಟುತ್ತೆ. ಅವಧಿ ಮುಗಿದಿರೋ ಪಾಸು ತೋರಿಸಿದ್ರೆ ನೀನು ಬಸ್ಸಲ್ಲಿ ಬಿಡ್ತೀಯಾ?”

ಅಕ್ಕ ಪಕ್ಕದ ಸೀಟಿನವರ ಟಿಕೆಟ್ಟಿಗೆ ಕೈಚಾಚಿದಳು. ನಾನು ಕನ್ನಡಿಯಲ್ಲಿ ನೋಡಿ ಒಳಗೊಳಗೇ ನಕ್ಕೆ. ಊರಿಗೆಲ್ಲ ಬುದ್ಧಿ ಹೇಳಿದವಳಿಗೆ ಅವಳು ಸಾಕಿದ ಗುಬ್ಬಿಯೇ ಕೊಕ್ಕಿನಿಂದ ಕುಕ್ಕಿತ್ತು.

ದೇವರು ದೊಡ್ಡವನು. ಮುಂದಿನ ವಾರವೇ ಆರೋಗ್ಯ ಕೇಂದ್ರದ ವ್ಯಾನು ನಮ್ಮ ಡಿಪೋಗೆ ಬಂತು. ಅದೇ ಬೂಸ್ಟರು, ಡಿಪೋದವರಿಗೆಲ್ಲ. ವ್ಯಾನಿನ ಒಳಗೆ ಸಿಸ್ಟರು, ಹಿಂದೆ ಎರಡು ಮೆಟ್ಟಿಲು, ಮೆಟ್ಟಿಲ ಮುಂದೆ ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳ ನೂಕುನುಗ್ಗಲು. ಅಕ್ಕನಿಗೆ ಹೆದರಿಕೆ ಎಷ್ಟೇ ಇರಲಿ, ನೂಕುನುಗ್ಗಲು ನೋಡಿಕೊಂಡು ಸುಮ್ಮನೆ ನಿಲ್ಲುವ ಜಾಯಮಾನವಲ್ಲ ಅವಳದು. ಸೀಟಿ ಬಾಯಿಗೆ ಹೋಯಿತು. “ಇಳಿಯೋರಿಗೆ ದಾರಿ ಬಿಡ್ರಪ್ಪ! ಒಳಗೆ ಜಾಗ ಇದೆ, ಮುಂದೆ ಹೋಗಿ! ಏ, ತೋಳು ಮೇಲೆ ಮಾಡ್ಕೊಂಡು ರೆಡಿ ಇರು, ಅಲ್ಲಿ ಹೋಗಿ ಗುಂಡಿ ಬಿಚ್ಚೋಕೆ ನಿಂತ್ರೆ ಹಿಂದಿನೋರು ಏನು ಮಾಡ್ಬೇಕು?” ನಾನೂ ಹತ್ತಿ ಇಳಿದೆ. ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ಮಾರನೆಯ ದಿನ ಸ್ಟಿಯರಿಂಗ್ ತಿರುಗಿಸುವಾಗ ತೋಳು ಎಳೆಯಿತು, ಅದನ್ನು ಮನೆಯಲ್ಲಿ ಹೇಳಿಕೊಂಡು ಒಂದು ದಿನ ರಾಜೋಪಚಾರ ಮಾಡಿಸಿಕೊಂಡೆ. ಅದು ಬೇರೆ ಮಾತು.

ಕೊನೆಯ ಮೆಕ್ಯಾನಿಕ್ಕು ತೋಳು ಇಳಿಸಿಕೊಳ್ಳುತ್ತ ಕೆಳಗೆ ಬಂದ. “ಅಕ್ಕಾ, ಇನ್ನು ನೀನೇ” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಖಾಲಿ ಮೆಟ್ಟಿಲು ಕಂಡದ್ದೇ ತಡ, ಅವಳ ಕೈ ತಾನಾಗಿಯೇ ಮೇಲೆದ್ದು ವ್ಯಾನಿನ ಬಾಗಿಲನ್ನು ಮುಚ್ಚಿ, ಪಕ್ಕೆಗೆ ಎರಡೇಟು ಬಡಿಯಿತು. “ರೈಟ್, ರೈಟ್!”

ವ್ಯಾನಿನ ಡ್ರೈವರನೂ ಡ್ರೈವರನೇ ತಾನೇ. ‘ರೈಟ್’ ಕಿವಿಗೆ ಬಿದ್ದ ಮೇಲೆ ಅವನ ಕಾಲು ಅವನ ಮಾತು ಕೇಳೀತೆ? ವ್ಯಾನು ಗೇಟು ದಾಟಿ ರಸ್ತೆಗಿಳಿಯಿತು. ಹಿಂದಿನ ಗಾಜಿನಲ್ಲಿ ಸಿಸ್ಟರು ಕಂಬಿ ಹಿಡಿದುಕೊಂಡು ಕಣ್ಣು ಬಿಡುತ್ತಿದ್ದರು. ಅಕ್ಕ ಎತ್ತಿದ ಕೈ ಇಳಿಸದೆ ನಿಂತಿದ್ದಳು. ಡಿಪೋಗೆ ಡಿಪೋ ಬಿದ್ದು ಬಿದ್ದು ನಕ್ಕಿತು.

“ಅಭ್ಯಾಸಬಲವೋ, ಹೆದರಿಕೆಯೋ?” ಎಂದು ಕೇಳಿದೆ.

“ಕೈ ಮಾಡಿದ ತಪ್ಪಿಗೆ ನನ್ನ ಯಾಕೋ ಕೇಳ್ತೀಯಾ?” ಎಂದು ಸಿಡುಕಿದಳು.

ಆರೋಗ್ಯ ಕೇಂದ್ರ ಇದ್ದದ್ದು ನಮ್ಮ ಕೊನೆಯ ಸ್ಟಾಪಿನ ಪಕ್ಕದಲ್ಲೇ. ಬಸ್ಸು ತಿರುಗಿಸಿ ನಿಲ್ಲಿಸಿ ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ನಾನು ದಿನವೂ ನೆನಪಿಸುತ್ತಿದ್ದೆ, ಅವಳು ದಿನವೂ “ನಾಳೆ” ಎನ್ನುತ್ತಿದ್ದಳು. ಹೆರಿಗೆಗೆ ಇನ್ನೂ ಸಮಯ ಇದೆಯಲ್ಲ ಎಂಬ ಧೈರ್ಯ ಬೇರೆ. ಹುಟ್ಟುವ ಮಗು ನಮ್ಮ ಡಿಪೋದ ವೇಳಾಪಟ್ಟಿ ನೋಡಿಕೊಂಡು ಹೊರಡುತ್ತದೆಯೇ? ಒಂದು ಬೆಳಿಗ್ಗೆ, ಹೇಳಿದ ದಿನಕ್ಕಿಂತ ಎಷ್ಟೋ ಮುಂಚೆ, ಕೊನೆಯ ಸ್ಟಾಪಿನಲ್ಲಿ ಅವಳ ಫೋನು ರಿಂಗಾಯಿತು.

“ಹೆಣ್ಣು ಮಗು! ತಾಯಿ ಮಗು ಇಬ್ರೂ ಚೆನ್ನಾಗಿದ್ದಾರಂತೆ!” ಎಂದು ಕೂಗಿ, ಹೂಕೋಸಿನ ಬುಟ್ಟಿ ಇಳಿಸುತ್ತಿದ್ದ ಅಜ್ಜಿಯನ್ನು ಬುಟ್ಟಿಯ ಸಮೇತ ಅಪ್ಪಿಕೊಂಡಳು. ಆಮೇಲೆ ಅವಳ ಮುಖ ಇಳಿಯಿತು. ಫುಟ್‌ಬೋರ್ಡಿನ ಮೇಲೆ ಕುಸಿದು ಕೂತಳು.

“ನಾನು ಎತ್ಕೊಳ್ಳೋ ಹಾಗಿಲ್ಲ ಸಾರಥಿ.”

“ಗುಬ್ಬೀನೇ ಒಂದು ಮಾತು ಕೇಳು. ಸಾಕಿದ ಅತ್ತೆ ನೀನು, ಬೇಡ ಅಂತಾಳಾ?”

ಅವಳು ತಲೆ ಅಲ್ಲಾಡಿಸಿದಳು. ಇಷ್ಟು ವರ್ಷ ನನಗೆ ಹೇಳದ ಮಾತನ್ನು ಅವತ್ತು ಹೇಳಿದಳು.

“ಗುಬ್ಬಿ ಹುಟ್ಟಿ ಎರಡು ತಿಂಗಳಾಗಿತ್ತು. ನನಗೊಂದು ಕೆಮ್ಮು ಹಿಡೀತು, ಏನು ಮಾಡಿದ್ರೂ ಹೋಗ್ಲಿಲ್ಲ. ಬಸ್ಸಿನ ಧೂಳು ಅಂದ್ಕೊಂಡೆ. ಮನೆಗೆ ಬಂದ ತಕ್ಷಣ ಎತ್ಕೊಳ್ಳೋದು, ಕೆನ್ನೆಗೆ ಕೆನ್ನೆ ಇಟ್ಟು ಮುದ್ದು ಮಾಡೋದು. ಆಮೇಲೆ ಅದಕ್ಕೆ ಶುರುವಾಯ್ತು ನೋಡು. ಕೆಮ್ಮಿ ಕೆಮ್ಮಿ ಮುಖ ನೀಲಿ ಆಗೋದು, ಆಮೇಲೆ ಸದ್ದೇ ಇಲ್ಲ. ಉಸಿರು ವಾಪಸ್ ಬರುತ್ತಾ ಇಲ್ವಾ ಅಂತ ನೋಡ್ಕೊಂಡು ಕೂತಿರ್ತಿದ್ದೆ. ಮನೇಲಿ ದೊಡ್ಡೋರಿಗೆ ಯಾರಿಗಾದ್ರೂ ಕೆಮ್ಮಿತ್ತಾ ಅಂತ ಡಾಕ್ಟರು ಕೇಳಿದ್ರು. ನಾನು ಬಾಯಿ ಬಿಡ್ಲಿಲ್ಲ.”

ಅಕ್ಕ ಎದ್ದಳು, ಚೀಲವನ್ನು ನನ್ನ ಕೈಗೆ ಕೊಟ್ಟಳು. “ಬಾ, ಹೋಗೋಣ” ಎಂದಳು.

ಆರೋಗ್ಯ ಕೇಂದ್ರದ ಹಜಾರದಲ್ಲಿ ಫಿನಾಯಿಲಿನ ವಾಸನೆ, ಬೆಂಚಿನ ತುಂಬ ತಾಯಂದಿರು, ಅಳುವ ಮಕ್ಕಳು. ಸೂಜಿ ಹಿಡಿದು ಬಂದ ಸಿಸ್ಟರು ಅಕ್ಕನ ಮುಖವನ್ನೇ ನೋಡಿದರು. “ಅವತ್ತು ನನಗೆ ರೈಟ್ ಕೊಟ್ಟು ಕಳ್ಸಿದ್ದು ನೀವೇ ಅಲ್ವಾ? ಇವತ್ತು ನಾನು ಹೇಳೋ ತನಕ ಅಲ್ಲಾಡ್ಬೇಡಿ.” ಅಕ್ಕ ಒಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಹೆದರಿಕೆಗೆ ಸೀಟಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ಕಣ್ಣು ಮುಚ್ಚಿದಳು. ಸೂಜಿ ತಾಗಿತು. ಸೀಟಿ “ಪೀಈಈಂ!” ಎಂದು ಕಟ್ಟಡ ನಡುಗುವ ಹಾಗೆ ಕೂಗಿತು. ಹಜಾರದ ಮಕ್ಕಳೆಲ್ಲ ಗಪ್‌ಚಿಪ್. ಮರುಕ್ಷಣ ಒಂದು ಮಗು ಕಿಲಕಿಲ ನಕ್ಕಿತು, ಅದನ್ನು ನೋಡಿ ಉಳಿದವೂ ನಕ್ಕವು.

“ಅಷ್ಟೇನಾ?” ಎಂದಳು ಅಕ್ಕ, ಕಣ್ಣು ಬಿಟ್ಟು. “ಇಷ್ಟಕ್ಕಾ ನಾನು ಇಷ್ಟು ದಿನ ಒದ್ದಾಡಿದ್ದು?” ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳಿನ ಗುರುತು ಸಂಜೆಯವರೆಗೂ ಇತ್ತು. ನನಗೆ ಅದಕ್ಕೂ ಒಂದು ಸೂಜಿ ಬೇಕಾಗಿತ್ತು.

ಸೂಜಿಯ ಬಲ ಮೈಗೆ ಹತ್ತಲು ಎರಡು ವಾರ ಬೇಕು. ಆ ಎರಡು ವಾರ ನಮ್ಮ ಬಸ್ಸಿನಲ್ಲಿ ಹಬ್ಬ. ಗುಬ್ಬಿ ಮನೆಗೆ ಬಂದ ದಿನದಿಂದ, ನಮ್ಮ ಬಸ್ಸು ಗಡಿಯಾರದಂಗಡಿಯ ಮುಂದೆ ನಿಂತಾಗೆಲ್ಲ ಮೇಲಿನ ಕಿಟಕಿಯಲ್ಲಿ ಬಿಳಿ ಬಟ್ಟೆಯ ಒಂದು ಪುಟ್ಟ ಗಂಟು ಕಾಣಿಸಿಕೊಳ್ಳುತ್ತಿತ್ತು. ಅಕ್ಕ ರಸ್ತೆಯಲ್ಲಿ ನಿಂತು ಕತ್ತೆತ್ತಿ ಮಾತಾಡುತ್ತಿದ್ದಳು: “ಏನೇ ಬಂಗಾರಿ, ಹಾಲು ಕುಡಿದ್ಯಾ? ನಿಮ್ಮಮ್ಮ ನಿನ್ನ ಸರಿಯಾಗಿ ಹಿಡ್ಕೊಂಡಿದ್ದಾಳಾ?” ಬಸ್ಸಿನ ಎಡಭಾಗದ ಕಿಟಕಿಗಳಲ್ಲೆಲ್ಲ ತಲೆಗಳು. ಬಲಗಡೆ ಕೂತವರೂ ಎದ್ದು ಎಡಕ್ಕೆ ಬರುತ್ತಿದ್ದರು. ಬಸ್ಸು ವಾಲುತ್ತದೆ, ಕೂತುಕೊಳ್ಳಿ ಎಂದು ನಾನು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಹೂಕೋಸಿನ ಅಜ್ಜಿಯಂತೂ, ನನ್ನ ಮೊಮ್ಮಗನೂ ಹುಟ್ಟೋದರಲ್ಲಿದಾನೆ ಎಂದು ತಾನೂ ಕೊನೆಯ ಸ್ಟಾಪಿನಲ್ಲಿಳಿದು ಸೂಜಿ ಚುಚ್ಚಿಸಿಕೊಂಡು, ತೋಳು ತೋರಿಸಿಕೊಂಡು ಓಡಾಡಿದಳು.

ನಾನು ಎಂದೋ ಚುಚ್ಚಿಸಿಕೊಂಡಿದ್ದೆ, ಮಗುವನ್ನು ಎತ್ತಿಕೊಳ್ಳಬಹುದಿತ್ತು. ಆದರೆ ಅಕ್ಕನಿಗಿಂತ ಮೊದಲು ಎತ್ತಿಕೊಂಡಿದ್ದರೆ ಅವಳು ನನ್ನನ್ನು ನನ್ನದೇ ಬಸ್ಸಿನ ಚಕ್ರಕ್ಕೆ ಕಟ್ಟುತ್ತಿದ್ದಳು.

ಎರಡನೆಯ ವಾರದ ನಡುವೆ ಒಂದು ದಿನ ಗುಬ್ಬಿಗೇ ಮನಸ್ಸು ಕರಗಿತು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಸ್ಸಿನ ಬಾಗಿಲ ಹತ್ತಿರವೇ ಬಂದಳು. “ತಗೋ ಅತ್ತೆ. ಒಂದೇ ಒಂದು ಸಲ. ಇನ್ನು ನಾಲ್ಕು ದಿನ ತಾನೇ, ಏನೂ ಆಗಲ್ಲ.” ಅಕ್ಕನ ಎರಡೂ ಕೈ ಮುಂದಕ್ಕೆ ಬಂದವು. ಈಗ ಎತ್ತಿಕೊಂಡೇಬಿಟ್ಟಳು ಎಂದುಕೊಂಡೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಒಳಗೆ ಕರ್ಕೊಂಡು ಹೋಗು. ಇಲ್ಲಿ ಯಾರ್ಯಾರೋ ಕೆಮ್ಮುತಿರ್ತಾರೆ. ಹೋಗು ಅಂದ್ನಲ್ಲ!”

ಅವತ್ತು ನನಗೆ ಅವಳ ಮೇಲೆ ಎಷ್ಟು ಗೌರವ ಬಂತೆಂದರೆ, ಆಮೇಲಿನ ಸ್ಟಾಪುಗಳಲ್ಲಿ ಬ್ರೇಕನ್ನು ಬೆಣ್ಣೆಯ ಹಾಗೆ ಹಾಕಿದೆ.

ಎರಡು ವಾರ ಕಳೆದು ರಜೆಯ ದಿನ ಬಂತು. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು. ಯೂನಿಫಾರ್ಮಿಲ್ಲದ ಅವಳನ್ನು ನೋಡಿ ಯಾರೋ ಹೊಸಬಳು ಅನ್ನಿಸಿತು. ಗಡಿಯಾರದಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದೆವು. ಒಳಗೆ ತೊಳೆದು ಹರವಿದ ಪುಟ್ಟ ಪುಟ್ಟ ಬಟ್ಟೆ, ಸ್ಟವ್ ಮೇಲೆ ಕಾಯುವ ನೀರು. ಮೊಮ್ಮಗಳನ್ನು ನೋಡಲು ಬಂದ ಅಕ್ಕನ ಅತ್ತಿಗೆ ಮೂಲೆಯ ಕುರ್ಚಿಯಲ್ಲಿ ಕೂತು ಟೋಪಿ ಹೆಣೆಯುತ್ತಿದ್ದರು. ಅಕ್ಕ ಮೊಳಕೈವರೆಗೂ ಸೋಪು ಹಚ್ಚಿ ಕೈ ತೊಳೆದಳು, ಒರೆಸಿಕೊಂಡಳು, ಮತ್ತೆ ತೊಳೆದಳು. ಆಮೇಲೆ ನೆಲದ ಮೇಲೆ ಗೋಡೆಗೊರಗಿ ಕೂತು ಕೈ ಚಾಚಿದಳು. ಗುಬ್ಬಿ ಮಗುವನ್ನು ಇಟ್ಟಳು.

ನಾನೇನೋ ಅವಳು ಕೂಗಿ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು ಮಗುವಿನ ಮೂಗಿನ ಹತ್ತಿರ ಕಿವಿ ಇಟ್ಟು ಕೂತುಬಿಟ್ಟಳು. ನಾನು ಏನೋ ಹೇಳಹೋದರೆ ಕೈ ಎತ್ತಿ ಸುಮ್ಮನಿರಿಸಿದಳು. ಬಹಳ ಹೊತ್ತು ಕೇಳಿಸಿಕೊಂಡಳು.

“ಚೆನ್ನಾಗಿ ಉಸಿರಾಡ್ತಾಳೆ” ಎಂದಳು ಕೊನೆಗೆ.

ಗುಬ್ಬಿ ಪಕ್ಕದಲ್ಲಿ ಕೂತು ಅವಳ ಭುಜಕ್ಕೆ ತಲೆಯಿಟ್ಟಳು. “ನಾನೂ ಚೆನ್ನಾಗೇ ಉಸಿರಾಡ್ತಾ ಇದ್ದೀನಲ್ಲ ಅತ್ತೆ, ಇಷ್ಟು ವರ್ಷದಿಂದ.”

ಅಕ್ಕ ಬೆಚ್ಚಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಟೋಪಿಯಿಂದ ಕಣ್ಣೆತ್ತಲೂ ಇಲ್ಲ.

“ಒಂದೇ ಮನೇಲಿದ್ದೋರಿಗೆ ಕೆಮ್ಮು ಕೇಳಿಸಲ್ವೇನೇ ಹುಚ್ಚಿ?” ಎಂದರು. “ಕೆಮ್ಮನ್ನ ನೀನು ಗೊತ್ತಿಲ್ದೆ ಅಂಟಿಸ್ದೆ, ಎದೆ ಮೇಲೆ ಮಲಗಿಸ್ಕೊಂಡು ನೀನೇ ಉಳಿಸ್ದೆ. ಆಮೇಲೂ ದಿನಾ ನಿನ್ನ ಕೈಗೇ ಕೊಟ್ಟು ಕೆಲಸಕ್ಕೆ ಹೋಗ್ಲಿಲ್ವಾ ನಾನು?”

ಅಕ್ಕ ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೇ ಮಾಡಿದಳು. ಮಗು ಅದಾವುದನ್ನೂ ಲೆಕ್ಕಕ್ಕಿಡದೆ ಅವಳ ಬೆರಳನ್ನು ಹಿಡಿದುಕೊಂಡು ನಿದ್ದೆ ಹೋಯಿತು. ನಾನು ಎತ್ತಿಕೊಳ್ಳಬೇಕೆಂದು ಸಂಜೆಯವರೆಗೂ ಕಾದೆ. ಕೊಡಲೇ ಇಲ್ಲ.