ವಿಮಲಾಬಾಯಿಯವರ ಶಾಕವ್ರತ

ಆ ಕೋಣೆಯಲ್ಲಿ ಐದು ಜನ ಇದ್ದೆವು. ಮೇಜಿನ ಹಿಂದೆ ಹೃದ್ರೋಗ ತಜ್ಞ ಡಾಕ್ಟರ್ ಪ್ರಸಾದ್, ಎದುರಿಗೆ ರೋಗಿ ವಿಮಲಾಬಾಯಿ, ಅವರ ಪಕ್ಕದಲ್ಲಿ ಯಜಮಾನರಾದ ವೆಂಕಟರಾಯರು, ಗೋಡೆಗೆ ಒರಗಿ ನಿಂತ ಸೊಸೆ ಸುಷ್ಮಾ, ಬಾಗಿಲ ಹತ್ತಿರ ನಾನು. 2005ರ ಆಗಸ್ಟ್ ತಿಂಗಳ ಮೊದಲ ವಾರ. ಸಿಕಂದರಾಬಾದಿನ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಗ ಪಥ್ಯಾಹಾರ ವಿಭಾಗದ ಮುಖ್ಯಸ್ಥೆ. ಎಲ್ಲರ ಬಾಯಲ್ಲಿ ಡಯಟೀಷಿಯನ್ ಮೇಡಂ.

ಮಾಧಾಪುರದ ಕಡೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನನ್ನ ಹತ್ತಿರ ಬರುವವರಲ್ಲಿ ಸಾಫ್ಟ್‌ವೇರ್ ಹುಡುಗರೇ ಹೆಚ್ಚು. ರಾತ್ರಿ ಪಾಳಿ, ಕೂತಲ್ಲೇ ಊಟ, ಮೂವತ್ತು ತುಂಬುವ ಮೊದಲೇ ಕೊಲೆಸ್ಟರಾಲ್. ಅವರ ಜೊತೆಗೆ ಆ ಕಟ್ಟಡಗಳಿಗೆ ಕಲ್ಲು ಸಿಮೆಂಟು ಹೊರುವ ಯಾದಗಿರಿ, ಗುಲ್ಬರ್ಗಾ ಕಡೆಯ ಜನವೂ ಬರುತ್ತಿದ್ದರು. ಅವರಿಗೆ ತೆಲುಗು ಅಷ್ಟಕ್ಕಷ್ಟೆ. ನಾನು ಓದಿದ್ದೆಲ್ಲ ತೆಲುಗು, ಇಂಗ್ಲಿಷಿನಲ್ಲಿ. ಕನ್ನಡ ಕಲಿತದ್ದು ಅಜ್ಜ ಅಜ್ಜಿಯ ಬಾಯಿಂದ. ಅವರು ರಾಯಚೂರಿನಿಂದ ಬಂದು ಕಾಚಿಗೂಡದ ಒಂದು ವಠಾರದಲ್ಲಿ ನೆಲೆನಿಂತವರು. ಹೀಗಾಗಿ ಕನ್ನಡದ ರೋಗಿ ಬಂದರೆ ನರ್ಸುಗಳು ನನ್ನನ್ನೇ ಕೂಗುತ್ತಿದ್ದರು. ಅಂದೂ ಹಾಗೆಯೇ ಕರೆ ಬಂದಿತ್ತು.

ವಿಮಲಾಬಾಯಿಯವರು ಮೂಲತಃ ವಿಜಾಪುರದವರು. ಯಜಮಾನರು ಕುಷಾಯಿಗೂಡದ ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಹಿಂದಿನ ಚಳಿಗಾಲದಲ್ಲಿ ಈಕೆಯ ಹೃದಯದ ಕವಾಟವೊಂದನ್ನು ತೆಗೆದು ಲೋಹದ ಕವಾಟ ಕೂಡಿಸಿದ್ದರು. ಅಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಬದುಕಿರುವವರೆಗೂ ವಾರ್ಫರಿನ್ ಎಂಬ ಮಾತ್ರೆ ತೆಗೆದುಕೊಳ್ಳಬೇಕು. ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆ ಹೇಳುತ್ತದೆ. ಈಕೆಗೆ ಅದು ಎರಡೂವರೆಯಿಂದ ಮೂರೂವರೆಯ ಒಳಗೆ ಇರಬೇಕು. ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುವ ಭಯ, ಹೆಚ್ಚಾದರೆ ಎಲ್ಲಿ ಬೇಕಾದರೂ ರಕ್ತಸ್ರಾವವಾಗುವ ಭಯ. ಬೇಸಿಗೆಯುದ್ದಕ್ಕೂ 2.8ರ ಆಸುಪಾಸಿನಲ್ಲಿ ನೆಟ್ಟಗೆ ನಿಂತಿದ್ದ ಐಎನ್‌ಆರ್ ಅಂದು 6.8 ಆಗಿತ್ತು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು. ಮುಂಗೈಯಲ್ಲಿ ಬಳೆ ತಾಗಿದಲ್ಲೆಲ್ಲ ಕಪ್ಪುಗಟ್ಟಿತ್ತು.

ಮಾತ್ರೆ ಎರಡೆರಡು ಸಲ ಬಿದ್ದಿರಬೇಕೆಂದು ಡಾಕ್ಟರ ಅನುಮಾನ. ವೆಂಕಟರಾಯರಿಗಂತೂ ಅನುಮಾನವೇ ಇರಲಿಲ್ಲ.

"ಮಾತ್ರಿ ಡಬ್ಬಿ ತುಂಬಾಕಿ ಇಕಿನ," ಎಂದು ಸೊಸೆಯ ಕಡೆ ಗದ್ದ ತೋರಿಸಿದರು. "ಮಾಧಾಪುರದಾಗ ನೌಕರಿ. ಮನ್ಯಾಗಿದ್ರೂ ಕಿವಿಗೆ ಫೋನು. ತಲಿ ಎಲ್ಲಿರ್ತದೋ ಏನೋ."

"ಎಣಿಸೇ ಹಾಕೀನಿ, ಮಾವ," ಎಂದಳು ಸುಷ್ಮಾ.

ಡಾಕ್ಟರು ತಮ್ಮ ತೆಲುಗಿನಲ್ಲಿ, "ಆಹಾರಂಲೋ ಏಮೈನಾ ಮಾರ್ಪು ಉಂದಾ ಅಮ್ಮಾ?" ಎಂದು ಆಗಲೇ ಎರಡು ಸಲ ಕೇಳಿದ್ದರು. ಊಟದಲ್ಲಿ ಏನಾದರೂ ಬದಲಾವಣೆ ಇದೆಯೇ ಎಂದು. ಏನೂ ಇಲ್ಲವೆಂದು ಆಕೆ ಎರಡು ಸಲವೂ "ಏಮೀ ಲೇದು" ಎಂದಿದ್ದರು. ನಾನು ಬೇರೆ ದಾರಿ ಹಿಡಿದೆ.

"ಅಕ್ಕಾರ, ಬೆಳ್ಳುಳ್ಳಿ, ಕಷಾಯ, ಹಳ್ಳಿಮದ್ದು ಏನರ ತಗೊಂಡೀರೇನ್ರಿ?"

"ಬೆಳ್ಳುಳ್ಳಿ ನಮ್ಮ ಮನಿ ಹೊಸ್ತಿಲಾ ದಾಟಿಲ್ಲವಾ, ತಂಗಿ."

"ಹೋಗ್ಲಿ ಬಿಡ್ರಿ. ನಿನ್ನೆ ಏನ ಅಡಗಿ ಮಾಡಿದ್ರಿ?"

"ಏನ ಮಾಡೋದು. ಅನ್ನ, ಹೆಸರಬ್ಯಾಳಿ ತೊವ್ವಿ, ಮೆಣಸಿನ ಸಾರು."

"ಸಾರಿಗೆ ಹುಳಿ ಏನ ಹಾಕಿದ್ರಿ?"

"ಮಾವಿನಕಾಯಿ ಪುಡಿ."

ನನಗೆ ಅಷ್ಟು ಸಾಕಾಗಿತ್ತು. "ಶಾಕವ್ರತ ನಡಸೀರೇನ್ರಿ?" ಎಂದೆ.

"ಮತ್ತ? ಆಷಾಢ ಏಕಾದಶಿ ಯಾವಾಗೋ ಆತು. ಕನ್ನಡದಾಕಿ ಆಗಿ ಅಷ್ಟೂ ಗೊತ್ತಿಲ್ಲೇನು ನಿನಗ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ನಮ್ಮ ಮನೆತನದಲ್ಲಿ ಈ ವ್ರತ ಇಲ್ಲ. ಆದರೆ ವಠಾರದ ಪಕ್ಕದ ಮನೆಯ ಪದ್ಮಕ್ಕನವರದು ಮಾಧ್ವ ಮನೆತನ. ಅಜ್ಜಿ ಕೊಟ್ಟ ಬದನೆಕಾಯಿ ಹಿಡಿದು ಅವರ ಬಾಗಿಲಿಗೆ ಹೋದರೆ ಮಳೆಗಾಲದ ಒಂದು ತಿಂಗಳು ಹಾಗೇ ವಾಪಸು ಕಳಿಸುತ್ತಿದ್ದರು. ಚಾತುರ್ಮಾಸ್ಯದ ಮೊದಲ ತಿಂಗಳು ಸೊಪ್ಪು, ತರಕಾರಿ, ಹಣ್ಣು ಬಿಡುವುದೇ ಶಾಕವ್ರತ. ಮಾವಿಗೆ ಮಾತ್ರ ರಿಯಾಯಿತಿ. ಹುಣಸೆ, ಮೆಣಸಿನಕಾಯಿ, ಕೊತ್ತಂಬರಿ ಕೂಡ ಒಲೆಯ ಹತ್ತಿರ ಬರುವಂತಿಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವಿನಕಾಯಿ ಪುಡಿ. ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ಕೊನೆಯ ತಿಂಗಳು ಬೇಳೆಕಾಳು ಬಿಡುತ್ತಾರೆ. ವಿಮಲಾಬಾಯಿ ಮದುವೆಯಾದಾಗಿನಿಂದ ಇದನ್ನು ನಡೆಸಿಕೊಂಡು ಬಂದವರು. ಪ್ರತಿ ವರ್ಷ ಬರುವುದನ್ನು ಬದಲಾವಣೆ ಎಂದು ಯಾರು ಹೇಳುತ್ತಾರೆ? ಆಕೆ ಡಾಕ್ಟರಿಗೆ ಸುಳ್ಳು ಹೇಳಿರಲಿಲ್ಲ.

ಇನ್ನು ಸೊಪ್ಪಿನ ವಿಷಯ. ನಮ್ಮ ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ವಾರ್ಫರಿನ್ ತಡೆ ಹಾಕುವುದು ಅದಕ್ಕೇ. ಆ ವಿಟಮಿನ್ ನಮ್ಮ ಊಟದಲ್ಲಿ ಹೆಚ್ಚಾಗಿ ಬರುವುದು ಹಸಿರು ಸೊಪ್ಪಿನಿಂದ: ಪಾಲಕ್, ರಾಜಗಿರಿ, ಮೆಂತ್ಯ. ಬೇಯಿಸಿದರೂ ಅದು ಅಷ್ಟಾಗಿ ಕೆಡುವುದಿಲ್ಲ, ಎಣ್ಣೆಯ ಒಗ್ಗರಣೆ ಬಿದ್ದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಸೋರೆಕಾಯಿ, ಬದನೆಕಾಯಿ, ಬೇಳೆಗಳಲ್ಲಿ ಅದು ಅತ್ಯಲ್ಪ. ವಿಮಲಾಬಾಯಿಯವರ ಮನೆಯಲ್ಲಿ ಸೊಪ್ಪಿನ ಪಲ್ಯವಿಲ್ಲದೆ ಜೋಳದ ಭಕ್ರಿ ಇಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾತ್ರೆಯ ಪ್ರಮಾಣ ಗೊತ್ತುಮಾಡಿದ್ದು ಆ ಊಟಕ್ಕೆ. ಸೊಪ್ಪು ನಿಂತುಹೋಯಿತು, ಮಾತ್ರೆ ಮಾತ್ರ ಅಷ್ಟೇ ಉಳಿಯಿತು. ಎದುರಾಳಿ ಇಲ್ಲದ ಅಖಾಡದಲ್ಲಿ ಮಾತ್ರೆಯೊಂದೇ ತೊಡೆ ತಟ್ಟಿತು.

ಇದನ್ನೆಲ್ಲ ಡಾಕ್ಟರಿಗೆ ವಿವರಿಸಿದಾಗ ಅವರು ಪೆನ್ನು ಕೆಳಗಿಟ್ಟರು. ವೆಂಕಟರಾಯರು ಸೊಸೆಯ ಕಡೆ ನೋಡಲಾರದೆ ಫ್ಯಾನು ನೋಡುತ್ತ ಕೂತರು.

ಡಾಕ್ಟರ ಆಜ್ಞೆ ಚಿಕ್ಕದು: ವ್ರತ ಇವತ್ತೇ ಬಂದ್, ರಾತ್ರಿಯಿಂದಲೇ ಪಾಲಕ್. ವಿಮಲಾಬಾಯಿ ತಲೆ ಅಲ್ಲಾಡಿಸಿದರು. "ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಅಂದ್ಕೊಂಡೇನ್ರಿ, ದೇವರ, ಈ ವರ್ಷಾನೂ ನಾಲ್ಕು ತಿಂಗಳಾ ಮಾಡಸ್ಕೋಳಪಾ ಅಂತ. ಈಗ ಹದಿನೈದು ದಿನಕ್ಕ ಬಿಡು ಅಂದ್ರ ಹೆಂಗ ಬಿಡ್ಲಿ?"

"ಔಷಧಕ್ಕ ದೋಷಿಲ್ಲ," ಎಂದು ರಾಯರು ಶಾಸ್ತ್ರ ತೆಗೆದರು. "ಪಾಲಕ ಔಷಧ ಅಂತ ತಿಳ್ಕೊಂಡು ತಿನ್ನು."

"ನೀವು ಉಪವಾಸದ ದಿನಾ ಔಷಧ ಅಂತ ಅವಲಕ್ಕಿ ತಿಂದಂಗ," ಎಂದರು ಆಕೆ.

ನಾನು ಆಕೆಯ ಪರವಾಗಿ ನಿಂತೆ, ಮತ್ತು ನಿಂತದ್ದು ಭಕ್ತಿಯಿಂದಲ್ಲ, ನನ್ನ ಶಾಸ್ತ್ರದ ಮೇಲಿನ ಭರವಸೆಯಿಂದ. ಒಮ್ಮೆಲೇ ಸೊಪ್ಪು ಸುರಿದರೆ ಐಎನ್‌ಆರ್ ಎಲ್ಲಿಗೆ ಇಳಿದು ನಿಲ್ಲುತ್ತದೋ ಹೇಳಲಾಗದು; ಕವಾಟಕ್ಕೆ ಅದು ಇನ್ನೊಂದು ಗಂಡಾಂತರ. ಊಟವನ್ನು ಇದ್ದ ಹಾಗೇ ಬಿಟ್ಟು, ಮಾತ್ರೆಯನ್ನು ಈ ಊಟಕ್ಕೆ ಹೊಂದಿಸಬಹುದಲ್ಲ ಎಂದು ಕೇಳಿದೆ. ಡಾಕ್ಟರು ಯೋಚಿಸಿ ಒಪ್ಪಿದರು, ಆದರೆ ಷರತ್ತು ಹಾಕಿದರು. ವಾರ್ಡಿನಲ್ಲಿ ಕಣ್ಣೆದುರಿಗೆ ಇರಬೇಕು. ಮಾತ್ರೆಯನ್ನು ತಾವು ನಿಲ್ಲಿಸುತ್ತಾರೆ. ಮೂರನೆಯ ದಿನ ಐಎನ್‌ಆರ್ ಐದರ ಕೆಳಗೆ ಬರದಿದ್ದರೆ, ಅಥವಾ ರಕ್ತ ಹೆಚ್ಚು ಹೋದರೆ, ವ್ರತ ಮುಗಿಯಿತು. ಇದನ್ನು ನಾನು ಆಕೆಗೆ ಕನ್ನಡದಲ್ಲಿ ಹೇಳಿದೆ. ವಿಮಲಾಬಾಯಿ, "ಆಗ್ಲಿ. ಅವರ ಮಾತೂ ಉಳೀಲಿ," ಎಂದರು.

ಆ ಮೂರು ದಿನ ಆಸ್ಪತ್ರೆಯ ಅಡುಗೆ ಅವರಿಗೆ ನಡೆಯುವಂತಿರಲಿಲ್ಲ. ಸುಷ್ಮಾ ಆಫೀಸಿಗೆ ರಜೆ ಹಾಕಿ, ಬೆಳಿಗ್ಗೆ ಸ್ನಾನ ಮಾಡಿ ತೊವ್ವೆ, ಅನ್ನ, ಗೋಧಿ ಪಾಯಸ ಮಾಡಿ ಡಬ್ಬಿಯಲ್ಲಿ ತರುತ್ತಿದ್ದಳು. ಬೇಳೆ, ಗೋಧಿ, ಹಾಲು ಇದ್ದುದರಿಂದ ಪ್ರೋಟೀನಿಗೆ ಕೊರತೆಯಿರಲಿಲ್ಲ. ನಾನು ದಿನಕ್ಕೆರಡು ಸಲ ಹೋಗಿ ವಸಡು, ಮುಂಗೈ ನೋಡಿ ಬರುತ್ತಿದ್ದೆ. ಬಳೆಗಳನ್ನು ತೆಗೆದು ಮೆತ್ತನೆಯ ದಾರ ಕಟ್ಟಿಕೊಳ್ಳಿ ಎಂದರೆ, "ದಾರಾ ಕಟ್ಕೊಳ್ಳಲಿಕ್ಕೆ ನಾ ಏನು ಹರಕಿ ಗಿಡಾ ಏನ?" ಎಂದು ನಗಿಸಿದರು. ಬಳೆ ಮಾತ್ರ ತೆಗೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಲ್ಯಾಬಿನಿಂದ ಫಲಿತಾಂಶ ಬಂತು: 3.9. ವಸಡಿನ ರಕ್ತ ಹಿಂದಿನ ದಿನವೇ ನಿಂತಿತ್ತು. ಡಾಕ್ಟರು ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡಿ ಮನೆಗೆ ಕಳಿಸಿದರು. ವ್ರತ ಉಳಿಯಿತು.

ಎಲ್ಲರೂ ನಿರಾಳರಾದರು, ನಾನೊಬ್ಬಳು ಆಗಲಿಲ್ಲ. ನಿಜವಾದ ಪರೀಕ್ಷೆ ಇದ್ದದ್ದು ಶಾಕವ್ರತ ಮುಗಿಯುವ ದಿನ. ತಿಂಗಳು ಬಿಟ್ಟಿದ್ದ ಸೊಪ್ಪು ಅಂದು ಒಮ್ಮೆಗೇ ಎಲೆಗೆ ಬೀಳುತ್ತದೆ. ಈಗ ಮಾತ್ರೆ ಬೇರೆ ಕಡಿಮೆ. ಆ ದಿನ ಬೆಳಿಗ್ಗೆ ಸುಷ್ಮಾಗೆ ಫೋನು ಮಾಡಿದೆ. "ಮಾವ ರೈತು ಬಜಾರಕ್ಕ ಹೋಗಿ ಎರಡು ಚೀಲ ತುಂಬಿಸ್ಕೊಂಡು ಬಂದಾರ್ರಿ," ಎಂದಳು. ನಾನು ಆಟೋ ಹತ್ತಿ ಕುಷಾಯಿಗೂಡಕ್ಕೆ ಹೋದೆ.

ಅಡುಗೆಮನೆಯ ನೆಲದ ತುಂಬ ಹಸಿರು. ಮೆಂತ್ಯ, ರಾಜಗಿರಿ, ಪಾಲಕ್, ಪುಂಡಿ. ರಾಯರು ಸ್ವತಃ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಒಂದ ತಿಂಗಳಾ ಬಿಟ್ಟಾಳ್ರಿ. ಇವತ್ತೊಂದಿನ ಹೊಟ್ಟಿ ತುಂಬ ತಿನ್ನಲಿ," ಎಂದರು ನನ್ನ ಮುಖ ನೋಡಿ.

"ಹೊಟ್ಟಿ ತುಂಬೋದು ಭಕ್ರಿಯಿಂದ ತುಂಬ್ಲಿ, ರಾಯರ. ಸೊಪ್ಪಿಗೆ ಅಳತಿ ಐತಿ," ಎಂದು ಕಪಾಟಿನಿಂದ ಒಂದು ಬಟ್ಟಲು ತೆಗೆದೆ. ಬೇಯಿಸಿದ ಸೊಪ್ಪು ಮೊದಲ ವಾರ ಅದರ ಕಾಲು ಭಾಗ, ಎರಡನೆಯ ವಾರ ಅರ್ಧ, ಆಮೇಲೆ ದಿನವೂ ಅಷ್ಟೇ. ಹಬ್ಬ ಬಂದರೂ ಹೆಚ್ಚಲ್ಲ, ಬೇಜಾರಾದರೂ ಕಡಿಮೆಯಲ್ಲ. ಮೆಂತ್ಯವನ್ನು ಹೆಸರುಬೇಳೆಯ ಜೊತೆ ಮಾಡಿ, ಪುಂಡಿಗೆ ಜೋಳದ ನುಚ್ಚು ಬೆರೆಸಿ ಇಂಗಿನ ಒಗ್ಗರಣೆ ಕೊಡಿ, ಆಗ ಸೊಪ್ಪು ಕಡಿಮೆಯಿದ್ದರೂ ಬಟ್ಟಲು ತುಂಬಿ ಕಾಣುತ್ತದೆ ಎಂದೆ. ಪ್ರತಿ ವಾರ ರಕ್ತಪರೀಕ್ಷೆ, ಅದಕ್ಕೆ ತಕ್ಕಂತೆ ಡಾಕ್ಟರು ಮಾತ್ರೆ ಏರಿಸುತ್ತಾರೆ ಎಂದೂ ಹೇಳಿದೆ.

"ಇಷ್ಟಕ್ಕ ಎರಡು ಚೀಲಾ ತಂದೀರಲ್ಲ," ಎಂದು ವಿಮಲಾಬಾಯಿ ಗಂಡನನ್ನು ನೋಡಿದರು. "ಓಣಿಗೆಲ್ಲಾ ಹಂಚಿ ಬರ್ರಿ ಈಗ."

ರಾಯರು ನಿಜಕ್ಕೂ ಚೀಲ ಹೆಗಲಿಗೇರಿಸಿ ಹೊರಟರು.

ಸೆಪ್ಟೆಂಬರ್ ಕೊನೆಗೆ ಐಎನ್‌ಆರ್ 2.9ಕ್ಕೆ ಬಂದು ನಿಂತಿತು, ಮಾತ್ರೆ ಬೇಸಿಗೆಯ ಪ್ರಮಾಣಕ್ಕೆ ಮರಳಿತು. ಉಳಿದ ವ್ರತಗಳೂ ಕಾರ್ತಿಕದವರೆಗೆ ಸುಗಮವಾಗಿ ನಡೆದವು.

ಅಲ್ಲಿಯವರೆಗೆ ನಾನು ರೋಗಿಗಳಿಗೆ ನಿನ್ನೆ ಏನು ತಿಂದಿರಿ ಎಂದು ಕೇಳುತ್ತಿದ್ದೆ. ಆಮೇಲೆ ಮುಂದಿನ ತಿಂಗಳು ಏನು ತಿನ್ನುತ್ತೀರಿ ಎಂದೂ ಕೇಳತೊಡಗಿದೆ. ರಂಜಾನ್, ಶ್ರಾವಣ, ಅಯ್ಯಪ್ಪ ಮಾಲೆ, ಮಗಳ ಮನೆಯ ಬಾಣಂತನ: ನಮ್ಮ ಜನರ ತಟ್ಟೆ ತಿಂಗಳಿಗೊಂದು ಬಣ್ಣ ತಾಳುತ್ತದೆ. ಅದನ್ನು ಮೊದಲೇ ತಿಳಿದರೆ ಯಾರ ನೇಮವನ್ನೂ ಮುರಿಯದೆ ಔಷಧವನ್ನು ನಡೆಸಬಹುದು. ನನ್ನ ಕೆಲಸ ನನಗೆ ಕಲಿಸಿದ್ದು ಇದು.

ಮರುವರ್ಷ ಆಷಾಢ ಏಕಾದಶಿಗೆ ಇನ್ನೂ ಒಂದು ವಾರ ಇರುವಾಗಲೇ ವಿಮಲಾಬಾಯಿ ತಾವಾಗಿಯೇ ಪರೀಕ್ಷೆಗೆ ಬಂದರು. ಜೊತೆಗೆ ಐದು ತಿಂಗಳ ಬಸುರಿ ಸುಷ್ಮಾ. ಈ ಸಲ ತಾನೂ ಅತ್ತೆಯ ಜೊತೆ ಶಾಕವ್ರತ ಹಿಡಿಯಲೇ ಎಂದು ಆಕೆ ನನ್ನನ್ನು ಕೇಳುವಷ್ಟರಲ್ಲಿ ವಿಮಲಾಬಾಯಿಯೇ, "ನಂದು ನಾ ಮಾಡ್ತೀನಿ, ನೀ ಸೊಪ್ಪು ತಿನ್ನು," ಎಂದು ಬಾಯಿ ಮುಚ್ಚಿಸಿದರು. ಆ ತಿಂಗಳೆಲ್ಲ ತಮ್ಮ ಅಡುಗೆ ಮಾಡಿಕೊಂಡಾದ ಮೇಲೆ ಸೊಸೆಗೆಂದು ಬೇರೆ ಒಲೆಯಲ್ಲಿ ದಿನವೂ ಸೊಪ್ಪಿನ ಪಲ್ಯ ಮಾಡಿದರಂತೆ. ತಾವು ರುಚಿ ನೋಡುವಂತಿಲ್ಲವಾದ್ದರಿಂದ, ಬಡಿಸಿ ಎದುರಿಗೆ ಕೂತು, ಉಪ್ಪು ಸರಿ ಆಗೇದೇನು ಎಂದು ಕೇಳುತ್ತಿದ್ದರಂತೆ.