ಕಂಪೆನಿಯವರು ಬೋಳಿಸಿದ ಪರದೆ

ನನ್ನ ಪುಳ್ಳಿ ಗೆದ್ದಳು! ಅತ್ತಾವರದಲ್ಲಿ ಓದುವ ನನ್ನ ಮಗಳ ಮಗಳು ಬರೆದ ತಿದ್ದುಪಡಿಯನ್ನು ಇವತ್ತು ಬೆಳಿಗ್ಗೆ ಕಂಪ್ಯೂಟರಿನ ದೊಡ್ಡವರು ಒಪ್ಪಿಕೊಂಡರು. ಬಿಜೈ ಮಾರ್ಕೆಟಿನಲ್ಲಿ ಮೀನು ಕೊಳ್ಳುವವರನ್ನೂ ನಿಲ್ಲಿಸಿ ಹೇಳಿದೆ, ಮೀನು ಮುಟ್ಟದ ಪುಳಿಚಾರು ಭಟ್ಟನಾದ ನಾನು!

ನಾನು ದೇವಸ್ಥಾನದ ಅಡಿಗೆಯವನು. ಐದನೇ ಕ್ಲಾಸಿಗೇ ಸೌಟು ಹಿಡಿದವನಿಗೆ ಓದುವುದು ನಿಧಾನ. ಹಾಗಾಗಿ ಪುಳ್ಳಿ ಕೊಟ್ಟ ಕಂಪ್ಯೂಟರಿನ ಪರದೆಯ ಮೇಲೆ ಅಡಿಗೆ ಪಟ್ಟಿಯ ಫೈಲುಗಳನ್ನು ಬಾಳೆಲೆಗೆ ಬಡಿಸಿದಂತೆ ಇಟ್ಟುಕೊಂಡಿದ್ದೆ. ಉಪ್ಪಿನ ಜಾಗದಲ್ಲಿ ಶ್ರಾದ್ಧದ ಅಡಿಗೆ, ಪಲ್ಯದ ಜಾಗದಲ್ಲಿ ಉಪನಯನ, ಪಾಯಸದ ಜಾಗದಲ್ಲಿ ಮದುವೆ. ಓದಬೇಕಾಗಿಯೇ ಇರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು.

ಹೋದ ವರ್ಷ ಕಂಪ್ಯೂಟರಿನ ತಂತ್ರಾಂಶದ ಹೊಸ ಆವೃತ್ತಿ ಬಂತು. ಪರದೆ ಬೋಳು!

"ಎಂತ ಮಾರಾಯ್ತಿ ಇದು? ಕಳ್ಳರು ಬಂದಿದ್ರಾ?"

"ಕಳ್ಳರಲ್ಲ ಅಜ್ಜ, ಡಿಸೈನರುಗಳು. ಪರದೆ ಕ್ಲೀನ್ ಇರ್ಬೇಕಂತೆ."

"ಊಟದ ಮಧ್ಯೆ ಎಲೆ ಎತ್ತಿದ್ರೂ ಕ್ಲೀನೇ!"

ಈ ತಂತ್ರಾಂಶ ಎಲ್ಲರದ್ದಂತೆ, ಬಿಟ್ಟಿಯಂತೆ, ಯಾರು ಬೇಕಾದರೂ ತಿದ್ದಬಹುದಂತೆ. ಆದರೆ ತಿದ್ದುವವರಲ್ಲಿ ಹೆಚ್ಚಿನವರಿಗೆ ಸಂಬಳ ಕೊಡುವುದು ಒಂದು ದೊಡ್ಡ ಕಂಪೆನಿ. ಊರಿನ ಸಂತರ್ಪಣೆಗೆ ಧಣಿಯ ನಾಲಗೆಯ ರುಚಿ!

ಪುಳ್ಳಿ ಫೈಲುಗಳನ್ನು ಪರದೆಗೆ ಮರಳಿಸುವ ತಿದ್ದುಪಡಿ ಬರೆದು ಕಳಿಸಿದಳು. 'ನಮ್ಮ ಬಳಕೆದಾರರಿಗೆ ಇದು ಬೇಡ' ಎಂದು ಕಂಪೆನಿಯ ಮನುಷ್ಯ ತಿರಸ್ಕರಿಸಿದ. ಅವನು ನನ್ನನ್ನು ಕೇಳಿದ್ದು ಯಾವಾಗ? ಉಣ್ಣುವವನ ಮುಖ ನೋಡದೆ ಬಡಿಸುವವನನ್ನು ನಾನಾದರೆ ಪಾತ್ರೆ ತೊಳೆಯಲಿಕ್ಕೆ ಕಳಿಸುತ್ತಿದ್ದೆ.

ಹುಡುಗಿ ಅತ್ತಳು. ಈ ಕೆಲಸವೇ ಬೇಡ ಎಂದಳು. ನನ್ನ ಪರದೆ ಹಾಳಾಗಲಿ, ಅವಳ ಉತ್ಸಾಹ ಆರಿದರೆ ಏನು ಗತಿ?

"ನಾನು ಇಟ್ಟುಕೊಂಡಿದ್ದ ಹಾಗೆ ಚಿತ್ರ ಬಿಡಿಸಿ ಕಳ್ಸು. ಪಕ್ಕದಲ್ಲಿ ಬಡಿಸಿದ ಬಾಳೆಲೆಯ ಫೋಟೋ ಹಾಕು," ಎಂದೆ.

ಕಳಿಸಿದಳು. ಎಲ್ಲೆಲ್ಲಿಯವರೋ ನಮಗೂ ಹೀಗೇ ಬೇಕು ಎಂದು ಬರೆಯತೊಡಗಿದರು. ಕಂಪೆನಿಯವರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ಇವತ್ತು ಬಗ್ಗಿದರು.

ಸಂಜೆ ಮಗಳು, ಅಳಿಯ, ಪುಳ್ಳಿ ಎಲ್ಲರೂ ಬಂದರು. ನನ್ನವಳು ನೀರ್ದೋಸೆ ಹೊಯ್ಯುತ್ತಿದ್ದಳು.

"ಅಜ್ಜ, ಒಂದು ವಿಷಯ ಉಂಟು," ಎಂದಳು ಪುಳ್ಳಿ. "ಅದನ್ನು ಆಫ್ ಮಾಡಿಯೇ ಇಟ್ಟಿದ್ದಾರೆ. ಬೇಕಾದವ್ರು ಸೆಟ್ಟಿಂಗಿಗೆ ಹೋಗಿ ಆನ್ ಮಾಡ್ಬೇಕು."

"ಪಿಟ್ಟಾಸಿಗಳು, ಕೊಡುವುದರಲ್ಲೂ ಜಿಪುಣತನ! ಇರ್ಲಿ, ಪಾಪ, ಅವ್ರಿಗೂ ಮುಖ ಉಳೀಬೇಕಲ್ವಾ?"

"ಬಿಡುವುದಿಲ್ಲ ಅಜ್ಜ. ನಾಳೆಯಿಂದ ಅದಕ್ಕೂ ಒಂದು ತಿದ್ದುಪಡಿ ಬರೀತೇನೆ."

"ನಾಳೆ ಬರಿ. ಈಗ ತಿನ್ನು, ಆರ್ತದೆ," ಎಂದು ಅವಳ ಅಜ್ಜಿ ಗದರಿಸಿ, ಒಲೆ ಆರಿಸಿ, ತಾನೂ ತಟ್ಟೆ ಹಿಡಿದು ನಮ್ಮ ನಡುವೆ ಕುಳಿತಳು.