ಎಂಟು ಮಾರು ಆಳದ ಚಳಿ

ನಮ್ಮನೆಯವರ ಹೆಸರೇ ರತ್ನಾಕರ, ಅಂದರೆ ಸಮುದ್ರ. ಹೆಸರಿಗೆ ಮಾತ್ರ! ಐವತ್ತೆರಡು ವರ್ಷದವರೆಗೆ ಇವರು ಮೊಣಕಾಲಿನ ಮೇಲೆ ಕಡಲನೀರು ತಾಗಿಸಿಕೊಂಡವರಲ್ಲ. ನಾನೋ ಮೈಸೂರಿನವಳು, ಕಾರಂಜಿ ಕೆರೆಯ ದೋಣಿಯನ್ನೂ ಹತ್ತಿದವಳಲ್ಲ. ಇಂಥ ಜೋಡಿ ಹೋದ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಪೂರ್ವ ಕರಾವಳಿಯ ದ್ವೀಪವೊಂದಕ್ಕೆ, ಮುಳುಗಿದ ಹಡಗು ಹುಡುಕಿಕೊಂಡು ಹೋಯಿತೆಂದರೆ ಅದಕ್ಕೆ ನಮ್ಮತ್ತೆಯ ಒಂದು ಪ್ರಶ್ನೆಯೇ ಕಾರಣ.

ಇವರ ಊರು ಗಂಗೊಳ್ಳಿ. ಮಾವ ಮಂಜಿ ನಡೆಸುವ ತಂಡೇಲರಾಗಿದ್ದರು. ಮಂಜಿ ಅಂದರೆ ಹಾಯಿ ಕಟ್ಟಿದ ಮರದ ಸರಕು ಹಡಗು; ಹಂಚು ತುಂಬಿಕೊಂಡು ಮುಂಬಯಿವರೆಗೆ ಹೋಗುತ್ತಿತ್ತು. ಅದು ಬಂದರಿನ ದಕ್ಕೆಗೆ ಬಂದ ದಿನ ಮಾವ ಮಗನ ಬಾಯಿಗೊಂದು ಖರ್ಜೂರ ಹಾಕಿ, ಚುಕ್ಕಾಣಿ ಹಿಡಿಸಿ, "ಎಲ್ಲಿಗ್ ಹೋಪ ತಂಡೇಲ್ರೇ?" ಎಂದು ಕೇಳುತ್ತಿದ್ದರಂತೆ. ನಾವು ಮಲೇಷ್ಯಾದಲ್ಲಿ ನೆಲೆಸಿರುವ ಈಗಲೂ, ಇಲ್ಲಿನ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಯಲ್ಲಿ ಖರ್ಜೂರ ಕಂಡರೆ ಇವರು ಸಾಮಾನಿನ ಚೀಟಿ ಮರೆತು ನಿಂತುಬಿಡುತ್ತಾರೆ.

ಇವರಿಗೆ ಒಂಬತ್ತು ವರ್ಷವಾಗಿದ್ದಾಗ ಆ ಮಂಜಿ, ಹೊಳೆ ಕಡಲು ಸೇರುವ ಅಳಿವೆಯ ಹೊರಗೆ, ಎಂಟು ಮಾರು ನೀರಿನಲ್ಲಿ ಮುಳುಗಿತು. ಉಳಿದವರೆಲ್ಲ ಈಜಿ ದಡ ಸೇರಿದರು. ಮಾವ ಬರಲಿಲ್ಲ, ದೇಹವೂ ಸಿಗಲಿಲ್ಲ. ಹೊರಡುವಾಗ ಅತ್ತೆ ಕೊಟ್ಟ ಉಣ್ಣೆಯ ಶಾಲನ್ನು "ಚಳಿ ಎಲ್ಲಿತ್ತ್ ಮಾರಾಯ್ತಿ" ಎಂದು ಅಲ್ಲೇ ಬಿಟ್ಟು ಹೋಗಿದ್ದರಂತೆ. ಅತ್ತೆ ಆ ಶಾಲನ್ನು ಎತ್ತಿಟ್ಟುಕೊಂಡರು, ಕಡಲಿಗೆ ಇಳಿಯಬಾರದೆಂದು ಮಗನಿಂದ ಆಣೆ ಹಾಕಿಸಿಕೊಂಡರು.

ಈಗ ಮಗನ ಕೆಲಸ ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಯಂತ್ರಗಳನ್ನು ತಣ್ಣಗಿಡುವುದು. ಅರ್ಧ ಡಿಗ್ರಿ ಏರಿದರೂ ಇವರಿಗೆ ಫೋನು ಬರುತ್ತದೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಎಸಿ ಹಾಕಿದಾಗಲೆಲ್ಲ ಶಾಲನ್ನು ಮಡಿಲಲ್ಲಿಟ್ಟುಕೊಂಡು, ಹೊದೆಯದೆ, ನಡುಗುತ್ತ ಕೇಳುತ್ತಿದ್ದರು: "ಮಗಾ, ಕಡಲ ಅಡಿಯಗೂ ಹೀಂಗೇ ಚಳಿ ಇರತ್ತಾ?"

ಚಳಿಯನ್ನೇ ಅಳೆದು ಅನ್ನ ತಿನ್ನುವ ಮಗನಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಎಂಬತ್ತನಾಲ್ಕು ತುಂಬಿದ ದಿನ ಅತ್ತೆ, "ಆಣೆ ನಾನೇ ಹಿಂದೆ ತಕಂಡೆ. ಹೋಯಿ ಕಂಡ್ಕಂಡ್ ಬಾ. ನಾನ್ ಕಣ್ ಮುಚ್ಚುದ್ರೊಳಗೆ ನಂಗೊತ್ತಾಯ್ಕ್" ಎಂದುಬಿಟ್ಟರು.

ಆರು ವಾರ ಈಜುಕೊಳದಲ್ಲಿ ಡೈವಿಂಗ್ ಕಲಿತದ್ದಾಯಿತು. ಮಾವನ ಮಂಜಿ ಬಿದ್ದ ಜಾಗ ಈಗ ಯಾರಿಗೂ ಗೊತ್ತಿಲ್ಲ; ಆದರೆ ಇಲ್ಲಿ ದ್ವೀಪದ ಜೆಟ್ಟಿಯ ಹತ್ತಿರವೇ ಹದಿನೈದು ಮೀಟರ್ ಆಳದಲ್ಲಿ ಹಳೆಯ ಮರದ ದೋಣಿಯೊಂದು ಮಲಗಿತ್ತು. ಲೆಕ್ಕ ಹಾಕಿದರೆ ಎಂಟು ಮಾರೇ. ನಾವು ಹೋದ ಮಾರನೆಯ ದಿನದಿಂದಲೇ ಮಳೆಗಾಲಕ್ಕೆ ದ್ವೀಪ ಮುಚ್ಚುವುದಿತ್ತು, ಮತ್ತೆ ತೆರೆಯುವುದು ಮಾರ್ಚಿಗೆ. ಅಲ್ಲಿವರೆಗೆ ಅತ್ತೆ ಇರುತ್ತಾರೋ ಇಲ್ಲವೋ! ಅವರು ಜೆಟ್ಟಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಶಾಲು ಇಟ್ಟುಕೊಂಡು ಕೂತರು.

ಇವರು ಬೆಳಿಗ್ಗೆ ನೀರಿಗೆ ಇಳಿದವರು ಹತ್ತು ನಿಮಿಷಕ್ಕೇ ಮೇಲೆ ಬಂದರು. ಅರ್ಧ ಆಳದಲ್ಲಿ ಡೈವಿಂಗ್ ಗುರು ಅಜ್ಲಾನ್ ಹೆಬ್ಬೆರಳಿಗೆ ತೋರುಬೆರಳು ಸುತ್ತಿ ಸೊನ್ನೆ ಮಾಡಿ 'ಆರಾಮಾ?' ಎಂದು ಕೇಳಿದ್ದ. ಇವರು ನಮ್ಮವರ ಹಾಗೆ 'ಹೂಂ ಹೂಂ' ಎಂದು ಎಡಕ್ಕೂ ಬಲಕ್ಕೂ ತಲೆ ಆಡಿಸಿದ್ದರು. ಅವನು ಅದನ್ನು 'ಇಲ್ಲ' ಎಂದುಕೊಂಡು ಇವರನ್ನು ಮೇಲಕ್ಕೆ ಎಳೆದು ತಂದ.

"ಇಂಡಿಯನ್ ತಲೆ ನನಗೆ ಅರ್ಥ ಆಗಲ್ಲ ಲಾ!" ಎಂದ ಅಜ್ಲಾನ್, ಮಾತಿನ ಕೊನೆಗೆ ಮಲೇಷ್ಯಾದವರ 'ಲಾ' ಸೇರಿಸಿದ ಇಂಗ್ಲಿಷಿನಲ್ಲಿ.

ಎರಡನೆಯ ಸಲ ತಲೆ ಆಡಿಸಲಿಲ್ಲ. ದೋಣಿಯ ಮೊದಲ ಹಲಗೆ ಕಂಡ ಖುಷಿಗೆ 'ಸೂಪರ್' ಎಂದು ಹೆಬ್ಬೆರಳು ಎತ್ತಿದರು! ನೀರೊಳಗೆ ಅದರ ಅರ್ಥ 'ಮೇಲೆ ಹೋಗೋಣ'. ಮತ್ತೆ ಬಂದರು.

ನನಗೆ ಮೈಯೆಲ್ಲ ಉರಿಯಿತು. "ಅಲ್ಲಾ ರೀ, ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ನೀವು ನೀರಿಗೂ ತಗೊಂಡು ಹೋದ್ರಾ? ನಾಲ್ಕು ಗಂಟೆಗೆ ಕಡೇ ದೋಣಿ ಹೊರಡತ್ತೆ!" ಎಂದು ಕೂಗಾಡಿದೆ. ಆಮೇಲೆ ನಾನು ಕೇಳುವುದು, ಇವರು ಕತ್ತು ಬಿಗಿದುಕೊಂಡು ಬೆರಳು ಸುತ್ತಿ ತೋರಿಸುವುದು, ಹೀಗೆ ಇಪ್ಪತ್ತು ಸಲ ಪಾಠವಾಯಿತು. ಅತ್ತೆಯೂ ಕುರ್ಚಿಯಲ್ಲೇ ಬೆರಳು ಸುತ್ತಿ ಕಲಿತರು.

ಇವರು ಮೂರನೆಯ ಸಲ ಇಳಿಯುವ ಮೊದಲು ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಹೇಗಿದ್ರೂ ಸರಿ, ಚಳಿ ಇಲ್ಲ ಅಂತಲೇ ಹೇಳಿ ರೀ. ಪಾಪ." ಇವರು ಕನ್ನಡಕ ಎಳೆದುಕೊಂಡು ನೀರಿಗೆ ಇಳಿದರು.

ನಲವತ್ತು ನಿಮಿಷ ಕಳೆಯಿತು. ನನಗೆ ಗೊತ್ತಿರುವ ದೇವರನ್ನೆಲ್ಲ ಕರೆದೆ. ಕೊನೆಗೆ ಇವರ ತಲೆ ಕಂಡಿತು. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ನೆಟ್ಟಗೆ ಬಂದು ಅತ್ತೆಯ ಕಾಲ ಬಳಿ ಕೂತರು.

"ಚಳಿ ಇತ್ತಮ್ಮ," ಎಂದರು. "ಮೇಲ್ ಬೆಚ್ಚಗೆ, ಅಡಿಯಗೆ ಒಂದ್ ಪದರ ತಣ್ಣೀರ್. ಚುಕ್ಕಾಣಿ ಮುಟ್ಟಿ ಬಂದೆ. ಸುತ್ತಲೂ ಮೀನ್ ಮರಿ."

ಸುಳ್ಳು ಹೇಳಲು ಬಾರದ ಈ ಮನುಷ್ಯನನ್ನು ಅಲ್ಲೇ ನೀರಿಗೆ ನೂಕಿಬಿಡೋಣ ಅನ್ನಿಸಿತು. ಅತ್ತೆ, ನಲವತ್ತಮೂರು ವರ್ಷ ಯಾರಿಗೂ ಮುಟ್ಟಗೊಡದ ಆ ಶಾಲನ್ನು ಬಿಡಿಸಿ ಮಗನ ತಲೆಯನ್ನು ಗಸಗಸ ಒರೆಸತೊಡಗಿದರು.

"ತಲಿ ಒರ್ಸ್ಕಂಬುಕ್ ಆತಿಲ್ಯಾ ನಿಂಗೆ? ಶೀತ ಆತ್ತ್ ಕಾಣ್!" ಎಂದು ಬೈದರು. ನಾನು ಅತ್ತುಬಿಟ್ಟೆ.

ಅತ್ತೆ ಮತ್ತೆ ಆ ಪ್ರಶ್ನೆ ಕೇಳಿಲ್ಲ. ಎಸಿ ಹಾಕಿದರೆ ಈಗ ಶಾಲು ಹೊದ್ದುಕೊಳ್ಳುತ್ತಾರೆ. "ಒಗೆದು ಕೊಡ್ತೀನಿ, ಕೊಡಿ ಅತ್ತೆ" ಅಂದರೆ, "ಬ್ಯಾಡ, ಉಪ್ಪಿನ್ ವಾಸ್ನಿ ಇರ್ಲಿ" ಅನ್ನುತ್ತಾರೆ.